ಮುಖ ನೋಡುತ್ತದೆ, ಪೀಸ್ ನೋಡುವುದಿಲ್ಲ: ನಮ್ಮ ಜೀನ್ಸ್ ಯೂನಿಟ್‌ಗೆ ಬಂದ ಸಂಬಳದ ಆ್ಯಪ್

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ತಿಂಗಳ ಸಂಬಳದ ಲೆಕ್ಕ ಇರುವ ಶಾಲೆ, ಶೋರೂಂ, ಆಫೀಸು ನಿಮ್ಮದಾದರೆ ಅದನ್ನು ನಾಲ್ಕೂವರೆ ಅಂತ ಓದಿಕೊಳ್ಳಿ. ನಮ್ಮದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್. ಇಲ್ಲಿ ಸಂಬಳ ಅನ್ನುವ ಮಾತೇ ಕಡಿಮೆ. ಹೊಲಿದ ಪೀಸಿಗೆ ಇಷ್ಟು ಅನ್ನುವ ಪೀಸ್ ರೇಟು, ಅಡ್ವಾನ್ಸು, ಶನಿವಾರದ ಬಟವಾಡೆ, ಇಷ್ಟೇ. ಉಳಿದ ಸ್ಟಾರ್ ಎಲ್ಲಿ ಹೋಯಿತು ಅಂತ ಹೇಳುವುದಕ್ಕೇ ಈ ಬರಹ.

ಕಂಪನಿ ಹೆಸರು ಬರೆಯುವುದಿಲ್ಲ. ಡೆಮೊ ನೋಡಿದ ಬೇರೆ ಆ್ಯಪ್‌ಗಳಲ್ಲೂ ಇದೇ ಕಥೆ ಇತ್ತು, ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲ. ನಾನು ಇಲ್ಲಿ ಅಕೌಂಟ್ಸ್ ನೋಡುತ್ತೇನೆ. ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಜಿಎಸ್‌ಟಿ, ಬಟವಾಡೆ, ಚಹಾದ ಅಂಗಡಿ ಬಾಕಿ, ಎಲ್ಲಾ ನನ್ನ ಮೇಜಿನ ಮೇಲೇ.

ಏನು ಕೊಂಡೆವು ಅಂದರೆ, ಗೋಡೆಗೆ ಹಾಕುವ ಮುಖ ಗುರುತಿಸುವ ಹಾಜರಿ ಮಿಷಿನ್ ಒಂದು, ಅದಕ್ಕೆ ಕೂಡಿಕೊಂಡ ಸಂಬಳದ ಆ್ಯಪ್ ಒಂದು. ಮಿಷಿನ್‌ಗೆ ಒಂದೇ ಸಲ ದುಡ್ಡು. ಆ್ಯಪ್‌ಗೆ ತಲೆಗೆ ಇಷ್ಟು ಅಂತ ತಿಂಗಳಿಗೆ ಬಾಡಿಗೆ. ಮಾಲೀಕರು ತಂದದ್ದು ಎರಡು ಕಾರಣಕ್ಕೆ. ಒಂದು, ತಡವಾಗಿ ಬರುವವರನ್ನು ಹಿಡಿಯಬೇಕು. ಇನ್ನೊಂದು, 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೆ ಕಾನೂನುಗಳನ್ನು ಒಟ್ಟು ಸೇರಿಸಿ ಮಾಡಿದ್ದು. ಮಾರನೇ ದಿನದಿಂದಲೇ ವಾಟ್ಸಾಪ್‌ನಲ್ಲಿ ಫಾರ್ವರ್ಡ್‌ಗಳ ಸುರಿಮಳೆ. ‘ದಂಡ ಹಾಕ್ತಾರಂತೆ, ಎಲ್ಲರಿಗೂ ಲೆಟರ್ ಕೊಡಬೇಕಂತೆ’ ಅಂತ ಮಾಲೀಕರಿಗೆ ನಿದ್ದೆ ಇಲ್ಲ. ಅದೇ ಹೊತ್ತಿಗೆ ಸೇಲ್ಸ್ ಹುಡುಗ ಬಂದ. ‘ಸರ್, ನಮ್ಮ ಆ್ಯಪ್ ಹೊಸ ಕೋಡ್‌ಗೆ ಪೂರ್ತಿ ರೆಡಿ’ ಅಂದ. ಕಾನೂನಿನ ಪೂರ್ತಿ ನಿಯಮಗಳೇ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಹಳೆ ನಿಯಮಗಳೇ ನಡೆಯುತ್ತವೆ ಅಂತ ಸರ್ಕಾರವೇ ಹೇಳಿತ್ತು. ಆ್ಯಪ್ ಮಾತ್ರ ಆಗಲೇ ರೆಡಿ ಅಂತೆ!

ಮೊದಲು ಮಿಷಿನ್ ಬಗ್ಗೆ. ಹಿಂದೆ ನಮ್ಮಲ್ಲಿ ಬೆರಳಚ್ಚಿನ ಮಿಷಿನ್ ಇತ್ತು. ಅದು ನಮ್ಮವರಿಗೆ ಆಗಿಬರಲಿಲ್ಲ. ದಿನವಿಡೀ ದಪ್ಪ ಡೆನಿಮ್ ತಳ್ಳಿ ತಳ್ಳಿ ಟೈಲರ್‌ಗಳ ಬೆರಳ ತುದಿ ನುಣ್ಣಗಾಗಿರುತ್ತದೆ, ಮೇಲೆ ನೀಲಿ ಬಣ್ಣ ಬೇರೆ. ಹತ್ತು ಸಲ ಒತ್ತಿದರೂ ‘ಮತ್ತೆ ಪ್ರಯತ್ನಿಸಿ’ ಅನ್ನುತ್ತಿತ್ತು. ಈಗಿನ ಮಿಷಿನ್ ಆ ವಿಷಯದಲ್ಲಿ ಸಲೀಸು. ಮುಂದೆ ನಿಂತರೆ ಸಾಕು, ಕೂಡಲೇ ಗುರುತು ಹಿಡಿಯುತ್ತದೆ. ಕರೆಂಟ್ ಹೋದರೂ ಸ್ವಲ್ಪ ಹೊತ್ತು ತನ್ನ ಬ್ಯಾಟರಿಯಲ್ಲೇ ನಡೆಯುತ್ತದೆ. ಬಳ್ಳಾರಿ ಬೇಸಿಗೆಯಲ್ಲಿ ಬಾಗಿಲ ಪಕ್ಕದ ಬಿಸಿಗಾಳಿ ತಡೆದುಕೊಂಡಿದೆ, ಇದಕ್ಕೆ ಪೂರ್ತಿ ಮಾರ್ಕ್ಸ್.

ಆದರೆ ಬಾಗಿಲ ಪಕ್ಕ ಹಾಕಿದ್ದೇ ತೊಂದರೆ ಆಯಿತು. ನಮ್ಮಲ್ಲಿ ದಾರ ಕತ್ತರಿಸುವ, ಬಟನ್ ಹಾಕುವ ಕೆಲಸ ಪೂರ್ತಿ ಹೆಂಗಸರದ್ದು. ಕೆಲವರು ಬುರ್ಖಾ ಹಾಕಿಕೊಂಡು ಬರುತ್ತಾರೆ, ಇನ್ನು ಕೆಲವರು ಧೂಳಿಗೆ ಅಂತ ಸೆರಗಲ್ಲೋ ಕರ್ಚೀಫಲ್ಲೋ ಮೂಗು ಬಾಯಿ ಕಟ್ಟಿಕೊಂಡಿರುತ್ತಾರೆ. ಮಿಷಿನ್‌ಗೆ ಪೂರ್ತಿ ಮುಖ ಬೇಕು. ಲೋಡಿಂಗ್ ಹುಡುಗರು, ವಾಶಿಂಗ್‌ಗೆ ಮಾಲು ಒಯ್ಯುವ ಆಟೋದವರು ಎಲ್ಲಾ ನಿಂತಿರುವ ಜಾಗದಲ್ಲಿ ಮುಖ ತೆಗೆದು ನಿಲ್ಲಬೇಕು. ಒಬ್ಬಾಕೆ ನೇರವಾಗಿ ಕೇಳಿದಳು, ‘ಮೇಡಂ, ನಮ್ ಫೋಟೊ ಯಾರ್ ಕಡೆ ಹೋಗ್ತೈತಿ? ಬೆಂಗಳೂರಾಗ ಯಾರಾದ್ರೂ ನೋಡ್ತಾರೇನ್ರಿ?’ ಕಂಪನಿಗೆ ಫೋನ್ ಮಾಡಿದೆ. ಫೋಟೊ ಇಡುವುದಿಲ್ಲ, ಮುಖದ ಅಳತೆಯನ್ನು ಅಂಕಿಗಳಾಗಿ ಮಾಡಿ ಇಡುತ್ತೇವೆ ಅಂದರು. ಬಿಟ್ಟು ಹೋದವರದ್ದು ಯಾವಾಗ ಅಳಿಸುತ್ತೀರಿ ಅಂತ ಕೇಳಿದರೆ ಉತ್ತರ ಇಲ್ಲ. ದೇಶದಲ್ಲಿ 2023ರಿಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತ ಹಂತವಾಗಿ ಜಾರಿಯಾಗುತ್ತಿವೆ. ಸೇಲ್ಸ್ ಹುಡುಗನಿಗೆ ಈ ಕಾಯ್ದೆಯ ಹೆಸರು ಹೇಳಿದೆ. ಅವನು ನನ್ನನ್ನೇ ಪಿಳಿಪಿಳಿ ನೋಡಿದ.

ಮಿಷಿನ್ನನ್ನು ಒಳಗಿನ ಗೋಡೆಗೆ, ಹೆಂಗಸರು ಕೂರುವ ಕಡೆಗೆ ಹಾಕಿಸಿದೆ. ಗಂಡಸರೂ ಅಲ್ಲಿಗೇ ಬಂದು ಹೋಗುತ್ತಾರೆ. ಗಲಾಟೆ ಮುಗಿಯಿತು.

ಈಗ ಆ್ಯಪ್. ಒಳ್ಳೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಪಿಎಫ್ ಕಟ್ಟಲು ಸಲ್ಲಿಸುವ ಇಸಿಆರ್ ಫೈಲು, ಇಎಸ್‌ಐ ಫೈಲು ಒಂದು ಒತ್ತಿಗೆ ತಯಾರು. ಎರಡಕ್ಕೂ ಮುಂದಿನ ತಿಂಗಳು 15ನೇ ತಾರೀಖು ಕೊನೆ, ಮೊದಲು 14ರ ರಾತ್ರಿ ನನ್ನ ಊಟ ಆಫೀಸಲ್ಲೇ ಆಗುತ್ತಿತ್ತು. ವೃತ್ತಿ ತೆರಿಗೆಯನ್ನೂ ಸರಿಯಾಗಿ ಹಿಡಿದಿದೆ. 25,000 ಮತ್ತು ಅದಕ್ಕಿಂತ ಜಾಸ್ತಿ ಸಂಬಳಕ್ಕೆ ತಿಂಗಳಿಗೆ 200, ಫೆಬ್ರವರಿಗೆ ಮಾತ್ರ 300. ಈ ಫೆಬ್ರವರಿ ಬದಲಾವಣೆ 2025ರಲ್ಲಿ ಬಂದದ್ದು, ಎಷ್ಟೋ ಜನ ಇನ್ನೂ ಮರೆಯುತ್ತಾರೆ. ಆಫೀಸಲ್ಲಿರುವ ನಾವು ಕೆಲವರು, ಕಟಿಂಗ್ ಮಾಸ್ಟರ್, ವಾಚ್‌ಮನ್, ಇಷ್ಟು ಜನ ತಿಂಗಳ ಸಂಬಳದವರು. ನಮ್ಮ ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಇಲ್ಲ. ಹೊಸ ಸಂಹಿತೆಯ 50 ಪರ್ಸೆಂಟ್ ಮಾತು ಕೇಳಿರುತ್ತೀರಿ. ಬೇಸಿಕ್, ಡಿಎ ಇತ್ಯಾದಿ ಸೇರಿ ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆ ಇರುವಂತಿಲ್ಲ, ಭತ್ಯೆ ಅಂತ ಜಾಸ್ತಿ ತೋರಿಸಿದರೆ ಆ ಜಾಸ್ತಿ ಭಾಗವೂ ವೇತನಕ್ಕೇ ಸೇರುತ್ತದೆ. ಆ್ಯಪ್ ಇದನ್ನು ಕೆಂಪು ಅಕ್ಷರದಲ್ಲಿ ತೋರಿಸಿ ಎಚ್ಚರಿಸುತ್ತದೆ. ಚೆನ್ನಾಗಿದೆ.

ಇನ್ನು ಟೈಲರ್‌ಗಳ ವಿಷಯ. ಬಳ್ಳಾರಿಯ ಹೊಲಿಗೆ ಇವತ್ತಿನದ್ದಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿ ದಂಡು ಇತ್ತು, ಸಿಪಾಯಿಗಳ ಬಟ್ಟೆ ಹೊಲಿಯುವ ದರ್ಜಿಗಳು ಇದ್ದರು. ಆ ಕೈಗಳೇ ಮುಂದೆ ಜೀನ್ಸ್‌ಗೆ ಬಂದವು. ಪೀಸ್ ಲೆಕ್ಕವೂ ಹಳೆಯದೇ. ಜಿಪ್ ಕೂರಿಸುವುದಕ್ಕೆ ಒಂದು ರೇಟು, ಓವರ್‌ಲಾಕ್‌ಗೆ ಒಂದು, ಬೆಲ್ಟ್ ಪಟ್ಟಿಗೆ ಒಂದು, ಕಾಜಾ ಬಟನ್‌ಗೆ ಇನ್ನೊಂದು. ಕಟಿಂಗ್‌ನಿಂದ ಬಂಡಲ್ ಬರುತ್ತದೆ, ಟೈಲರ್ ಹೊಲಿದು ಕೊಡುತ್ತಾನೆ, ಪೀಸ್ ಎಷ್ಟು ಅಂತ ಅವನ ಜೇಬಿನ ಪುಟ್ಟ ಪುಸ್ತಕದಲ್ಲೂ ನಮ್ಮ ರಿಜಿಸ್ಟರ್‌ನಲ್ಲೂ ಬೀಳುತ್ತದೆ. ಶನಿವಾರ ಎರಡೂ ತಾಳೆ ನೋಡಿ ಬಟವಾಡೆ.

ಇದನ್ನು ಆ್ಯಪ್‌ಗೆ ಹೇಳುವುದು ಹೇಗೆ? ಅದು ಕೇಳುವ ಮೊದಲ ಪ್ರಶ್ನೆಯೇ ‘ಮಾಸಿಕ ಬೇಸಿಕ್ ಎಷ್ಟು?’ ಕಂಪನಿಯವರು ಹೇಳಿಕೊಟ್ಟ ದಾರಿ, ಬೇಸಿಕ್ ಸೊನ್ನೆ ಹಾಕಿ, ಪೀಸಿನ ದುಡ್ಡನ್ನು ‘ಇನ್ಸೆಂಟಿವ್’ ಕಾಲಂನಲ್ಲಿ ಹಾಕಿ. ಸರಿ ಅಂತ ಹಾಕಿದೆ. ಆಮೇಲೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ರಿಪೋರ್ಟ್ ತೆಗೆದು ನೋಡಿದರೆ ಎಲ್ಲಾ ಟೈಲರ್‌ಗಳ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ. ಹೋಗಲಿ, ಹೊಸಬರು ಅನ್ನೋಣ. ಯೂನಿಟ್ ಶುರುವಾದಾಗಿನಿಂದ ಇರುವ ನಮ್ಮ ಟೈಲರ್ ಚಾಚಾನ ಮುಂದೆಯೂ ಸೊನ್ನೆ.

ಕಾನೂನಿನಲ್ಲಿ ಸೊನ್ನೆ ಇಲ್ಲ. ಪೀಸ್ ರೇಟ್‌ನವರಿಗೆ ಗ್ರಾಚ್ಯುಟಿ ಹೇಗೆ ಅಂತ 1972ರ ಕಾಯ್ದೆಯಲ್ಲೇ ಬರೆದಿದೆ, ಈಗಿನ ಸಾಮಾಜಿಕ ಭದ್ರತೆ ಸಂಹಿತೆಯಲ್ಲೂ ಅದೇ ಇದೆ. ಕೊನೆಯ ಮೂರು ತಿಂಗಳ ಗಳಿಕೆ ತೆಗೆದುಕೊಳ್ಳಿ, ಓವರ್‌ಟೈಮ್ ಬಿಡಿ, ದಿನದ ಸರಾಸರಿ ಮಾಡಿ, ವರ್ಷಕ್ಕೆ 15 ದಿನದ ಲೆಕ್ಕ. ತಿಂಗಳಿಗೆ ಸರಾಸರಿ 15,600 ರೂಪಾಯಿ ದುಡಿದವನಿಗೆ 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600. ಹದಿನೈದು ದಿನಕ್ಕೆ 9,000. ಆರು ವರ್ಷ ಕೆಲಸ ಮಾಡಿದ್ದರೆ 54,000. ಆ್ಯಪ್ ಪ್ರಕಾರ ಇದೇ ಮನುಷ್ಯನಿಗೆ ಬರಬೇಕಾದದ್ದು ಏನೂ ಇಲ್ಲ. ಹೊಸ ಸಂಹಿತೆಯಲ್ಲಿ ಇನ್ನೊಂದು ಬದಲಾವಣೆ ಇದೆ. ಇಷ್ಟು ಅವಧಿಗೆ ಅಂತ ಬರೆದುಕೊಟ್ಟು ಕೆಲಸಕ್ಕೆ ತೆಗೆದುಕೊಂಡವರಿಗೆ ಉಳಿದವರ ಹಾಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷಕ್ಕೇ ಗ್ರಾಚ್ಯುಟಿ. ಆ್ಯಪ್‌ನಲ್ಲಿ ಅದಕ್ಕೆ ಹೊಸ ಟಿಕ್ ಬಾಕ್ಸ್ ಬಂದಿದೆ. ಟಿಕ್ ಹಾಕಿದೆ. ಬೇಸಿಕ್ ಸೊನ್ನೆ, ಉತ್ತರವೂ ಸೊನ್ನೆ.

ಕಂಪ್ಲೇಂಟ್ ಹಾಕಿದೆ. ಸಪೋರ್ಟ್‌ನ ಹುಡುಗಿ ಪಾಪ ಒಳ್ಳೆಯವಳು, ಕನ್ನಡದಲ್ಲೇ ಮಾತಾಡಿದಳು, ಧಾರವಾಡದ ಕಡೆಯವಳಂತೆ. ‘ಮೇಡಂ, ನಮ್ಮ ಕಡೆ ಪೀಸ್ ರೇಟ್ ಅಂದ್ರ ಇನ್ಸೆಂಟಿವ್ ಅಂತನ ತಿಳ್ಕೊಂಡಾರ್ರಿ’ ಅಂದಳು. ಎಂಜಿನಿಯರ್‌ಗಳಿಗೆ ತಿಳಿಸುತ್ತೇನೆ ಅಂದಳು. ಈಗಲೂ ತಿಳಿಸುತ್ತಲೇ ಇದ್ದಾಳೆ.

ಇಎಸ್‌ಐನಲ್ಲೂ ಇದೇ ಗೋಳು. ರಂಜಾನ್ ಆರ್ಡರ್ ಜೋರಿದ್ದ ಫೆಬ್ರವರಿಯಲ್ಲಿ ನಮ್ಮ ಒಬ್ಬ ಟೈಲರ್‌ನ ಗಳಿಕೆ ಇಎಸ್‌ಐ ಮಿತಿಯಾದ 21,000 ದಾಟಿತು. ಆ್ಯಪ್ ಅವನನ್ನು ಆ ತಿಂಗಳೇ ಇಎಸ್‌ಐ ಪಟ್ಟಿಯಿಂದ ತೆಗೆದುಹಾಕಿತು. ನಿಯಮ ಹಾಗಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಮಧ್ಯದಲ್ಲಿ ಮಿತಿ ದಾಟಿದರೂ ಅವಧಿ ಮುಗಿಯುವವರೆಗೆ ಕಟ್ಟುತ್ತಲೇ ಇರಬೇಕು, ಕಾರ್ಮಿಕನದ್ದು 0.75 ಪರ್ಸೆಂಟ್, ನಮ್ಮದು 3.25. ಕಾಯಿಲೆ ಬಿದ್ದರೆ ದಿನಕೂಲಿಯ 70 ಪರ್ಸೆಂಟ್ ಸಿಗಬೇಕಾದರೆ ಒಂದು ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಒಂದು ತಿಂಗಳು ಚೆನ್ನಾಗಿ ದುಡಿದದ್ದಕ್ಕೆ ಆಸ್ಪತ್ರೆ ಸೌಲಭ್ಯ ಹೋಗುವುದು ಯಾವ ನ್ಯಾಯ? ಕೈಯಿಂದ ಮತ್ತೆ ಸೇರಿಸಿದೆ. ನಮ್ಮಲ್ಲಿ ಸೀಸನ್‌ಗೆ ಗಳಿಕೆ ಏರುತ್ತದೆ, ಮಳೆಗಾಲಕ್ಕೆ ಇಳಿಯುತ್ತದೆ, ಹಾಗಾಗಿ ಇದು ಪದೇ ಪದೇ ಬರುವ ತಲೆನೋವು.

ಓವರ್‌ಟೈಮ್ ಕೇಳಲೇಬೇಡಿ. ಡಬಲ್ ರೇಟ್ ಕೊಡಬೇಕು, ಯಾವುದರ ಡಬಲ್? ಫ್ಯಾಕ್ಟರಿ ಕಾಯ್ದೆಯಲ್ಲಿ ಪೀಸಿನವರಿಗೆ ಹಿಂದಿನ ತಿಂಗಳ ದಿನದ ಸರಾಸರಿ ಗಳಿಕೆ ಹಿಡಿಯುವ ದಾರಿ ಇತ್ತು. ಆ್ಯಪ್ ಇದಕ್ಕೂ ಬೇಸಿಕ್ ಕಡೆಗೇ ಬೆರಳು ತೋರಿಸುತ್ತದೆ. ಎಕ್ಸೆಲ್‌ನಲ್ಲಿ ಮಾಡಿಕೊಳ್ಳುತ್ತಿದ್ದೇನೆ.

ಇನ್ನೊಂದು ಹೊಸದು, ಮುಟ್ಟಿನ ರಜೆ. ನಮ್ಮ ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿತು. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12, ಸಂಬಳ ಸಮೇತ, ಡಾಕ್ಟರ್ ಚೀಟಿ ಬೇಡ. ಅದನ್ನು ಪ್ರಶ್ನಿಸಿ ಕೆಲವರು ಹೈಕೋರ್ಟ್‌ಗೂ ಹೋದರು. ಆ್ಯಪ್ ಬೇಗನೆ ಈ ರಜೆ ಸೇರಿಸಿತು, ಮೆಚ್ಚಿದೆ. ಆದರೆ ಎರಡು ಯಡವಟ್ಟು. ಒಂದು, ಹಾಜರಿ ಶೀಟಿನಲ್ಲಿ ಆ ರಜೆ ಗುಲಾಬಿ ಬಣ್ಣದಲ್ಲಿ ಬೇರೆಯಾಗಿ ಎದ್ದು ಕಾಣುತ್ತದೆ. ಆ ಶೀಟು ಸೂಪರ್‌ವೈಸರ್ ಮೊಬೈಲ್‌ಗೂ ಹೋಗುತ್ತದೆ. ಯಾವ ಹೆಣ್ಣುಮಗಳು ತಾನೇ ಒತ್ತುತ್ತಾಳೆ? ಬಣ್ಣ ತೆಗೆಸಿ, ಬರೀ ‘ರಜೆ’ ಅಂತ ಬರುವ ಹಾಗೆ ಮಾಡಿಸಿದೆ. ಇದನ್ನು ಮಾತ್ರ ಕಂಪನಿಯವರು ಒಂದು ಫೋನಿಗೇ ಸರಿ ಮಾಡಿದರು. ಎರಡನೆಯದು ಹಳೆಯ ರಾಗವೇ. ಸಂಬಳ ಸಮೇತ ಅಂದರೆ ದಾರ ಕತ್ತರಿಸುವವಳಿಗೆ ಆ ದಿನದ ಸಂಬಳ ಎಷ್ಟು? ಆ್ಯಪ್ ಹೇಳುತ್ತದೆ, ಸೊನ್ನೆ ರೂಪಾಯಿ. ನಾನು ಮಾಲೀಕರ ಹತ್ತಿರ ಕೂತು, ಹಿಂದಿನ ತಿಂಗಳ ಸರಾಸರಿ ಕೊಡೋಣ ಅಂತ ಒಪ್ಪಿಸಿದೆ. ‘ಹೆಂಗಸರನ್ನ ತಗೊಳ್ಳೋದೇ ಕಷ್ಟ ಆಯ್ತು’ ಅಂತ ಗೊಣಗಿದರು. ದಾರ ಕತ್ತರಿಸುವುದಕ್ಕೆ ಗಂಡಸರು ಬರಲಿ ನೋಡೋಣ ಅಂದೆ. ಸುಮ್ಮನಾದರು.

ಇಷ್ಟೆಲ್ಲಾ ಬೈದ ಮೇಲೂ ಮೂರು ಸ್ಟಾರ್ ಯಾಕೆ ಕೊಟ್ಟೆ ಅಂದರೆ, ಮಿಷಿನ್ ಮಾಡಿದ ಒಂದು ಕೆಲಸಕ್ಕೆ. ಅದನ್ನು ಮಾರಿದವರೂ ಎಣಿಸಿರಲಿಲ್ಲ, ತಂದ ಮಾಲೀಕರಂತೂ ಎಣಿಸಿರಲೇ ಇಲ್ಲ.

ಪೀಸಿನ ರಿಜಿಸ್ಟರ್‌ನಲ್ಲಿ ಹೊಲಿದದ್ದು ಮಾತ್ರ ಇರುತ್ತದೆ. ಕೂತದ್ದು ಇರುವುದಿಲ್ಲ. ಬಟ್ಟೆಯ ಥಾನು ಬರಲಿಲ್ಲ ಅಂತ ಕೂರುತ್ತಾರೆ. ಜಿಪ್ ಖಾಲಿ ಅಂತ ಕೂರುತ್ತಾರೆ. ಕರೆಂಟ್ ಇಲ್ಲ ಅಂತ, ಕಟಿಂಗ್ ಮಾಸ್ಟರ್ ಮದುವೆಗೆ ಹೋದ ಅಂತ ಕೂರುತ್ತಾರೆ. ಹೊರಗೆ ಬೀಡಿ, ಚಹಾ, ಮೊಬೈಲು. ಸಂಜೆ ಕೈಯಲ್ಲಿ ಏನೂ ಇಲ್ಲದೆ ಮನೆಗೆ. ಆ ಹೊತ್ತು ಯಾವ ಪುಸ್ತಕಕ್ಕೂ ಬೀಳುತ್ತಿರಲಿಲ್ಲ. ಈಗ ಬೀಳುತ್ತಿದೆ. ಮಾರ್ಚ್‌ನಲ್ಲಿ ಒಂದು ವಾರ ಥಾನು ತಡವಾಯಿತು. ಶನಿವಾರ ರಿಜಿಸ್ಟರ್‌ನಲ್ಲಿ ಚಾಚಾನ ಪೀಸುಗಳು ಬೆರಳೆಣಿಕೆಯಷ್ಟು. ಮಿಷಿನ್‌ನಲ್ಲಿ ನೋಡಿದರೆ ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ, ಒಂದು ದಿನವೂ ತಪ್ಪಿಲ್ಲ. ಎರಡು ಕಾಗದ ಪಕ್ಕಪಕ್ಕ ಇಟ್ಟು ಮಾಲೀಕರಿಗೆ ತೋರಿಸಿದೆ.

ವೇತನ ಸಂಹಿತೆ 2019 ಹೇಳುವುದು ಇದು. ಪೀಸ್ ಕೆಲಸಕ್ಕೆ ಅಂತ ಬೇರೆ ಕನಿಷ್ಠ ದರ ಗೊತ್ತು ಮಾಡಿಲ್ಲದಿದ್ದರೆ, ಹೊತ್ತಿನ ಲೆಕ್ಕದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಇದೇನು ಹೊಸದಲ್ಲ, 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಇತ್ತು. ಅಷ್ಟು ವರ್ಷ ಕಾಗದದಲ್ಲಿ ಇದ್ದ ಹಕ್ಕು, ಕೇಳುವುದಕ್ಕೆ ಕೈಯಲ್ಲಿ ಪುರಾವೆ ಇರಲಿಲ್ಲ. ‘ನೀನು ಬಂದಿದ್ದೆ ಅನ್ನೋದಕ್ಕೆ ಏನು ಸಾಕ್ಷಿ?’ ಅಂದರೆ ಮಾತು ಮುಗಿಯುತ್ತಿತ್ತು. ಈಗ ಸಾಕ್ಷಿ ಮಾಲೀಕರ ಗೋಡೆಯ ಮೇಲೇ ಇದೆ. ಲೇಟಾಗಿ ಬಂದವರನ್ನು ಹಿಡಿಯಲು ತಂದ ಮಿಷಿನ್ನು ಮಾಲೀಕರನ್ನೇ ಹಿಡಿಯಿತು ಅಂತ ಟೈಲರ್‌ಗಳು ನಕ್ಕರು. ಮಾಲೀಕರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಆ ವಾರದ ಕೊರತೆ ತುಂಬಿಕೊಟ್ಟರು. ನಮ್ಮವರು ಕೆಟ್ಟವರಲ್ಲ. ವ್ಯಾಪಾರಿಯಿಂದ ಬಾಕಿ ಬರುವುದು ಮೂರು ತಿಂಗಳಿಗೆ, ಬಟವಾಡೆ ಪ್ರತಿ ಶನಿವಾರ. ಅವರ ಕಷ್ಟ ಅವರಿಗೆ.

ಚಾಚಾ ಮಾತ್ರ ಮಿಷಿನ್ ಬಗ್ಗೆ ಬೇರೆಯದೇ ಹೇಳಿದ. ‘ಇದು ನನ್ನ ಮುಖ ನೋಡ್ತೈತಿ ಮೇಡಂ. ನಾನು ಎಷ್ಟು ಪ್ಯಾಂಟ್ ಹೊಲಿದೆ ಅಂತ ನೋಡಂಗಿಲ್ಲ. ಎರಡೂ ನೋಡೋದು ಯಾವಾಗ ಬರ್ತೈತಿ?’ ನಾನು ಕಂಪನಿಗೆ ಬರೆದ ಕಂಪ್ಲೇಂಟ್‌ನಲ್ಲಿ ಇದೇ ಮಾತನ್ನು ಹಾಗೇ ಹಾಕಿದ್ದೇನೆ. ಬಂಡಲ್ ಚೀಟಿಗೆ ಒಂದು ಕೋಡ್ ಅಂಟಿಸಿ, ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪೀಸು ತಾನೇ ಏರುವ ಹಾಗೆ ಮಾಡುವುದು ಅಷ್ಟೇನೂ ದೊಡ್ಡ ವಿದ್ಯೆಯಲ್ಲ, ಅಲ್ವಾ? ದೊಡ್ಡ ಗಾರ್ಮೆಂಟ್ಸ್‌ಗಳಲ್ಲಿ ಅಂಥದ್ದು ಇದೆ. ನಮ್ಮಂಥ ಸಣ್ಣವರಿಗೆ ಕೈಗೆಟುಕುವ ಬೆಲೆಯಲ್ಲಿ ಇಲ್ಲ.

ಸಣ್ಣಪುಟ್ಟ ದೂರುಗಳು ಇನ್ನೂ ಇವೆ. ಪೇ ಸ್ಲಿಪ್ ಕನ್ನಡದಲ್ಲಿ ಬರುತ್ತದೆ ಅಂದರು. ಬರುತ್ತದೆ, ಒತ್ತಕ್ಷರ ಒಡೆದು ಬರುತ್ತದೆ. ನಮ್ಮ ಹುಲಿಗೆಮ್ಮನ ಹೆಸರು ‘ಹುಲಿಗೆಮ್ ಮ’ ಆಗಿತ್ತು. ‘ಇದು ನಾನಲ್ಲ’ ಅಂತ ಚೀಟಿ ವಾಪಸ್ ಕೊಟ್ಟಳು. ಸ್ಲಿಪ್ ಕೊಡುವುದು ಕಾನೂನು, ಓದುವ ಹಾಗೆ ಕೊಡುವುದು ಮರ್ಯಾದೆ. ಕನಿಷ್ಠ ವೇತನದ ದರ ಹುಡುಕಲು ಹೋದರೆ ಪಟ್ಟಿಯಲ್ಲಿ ‘ಗಾರ್ಮೆಂಟ್ಸ್’ ಸಿಗಲಿಲ್ಲ. ನಮ್ಮ ರಾಜ್ಯದಲ್ಲಿ ಅದು ಟೈಲರಿಂಗ್ ಉದ್ಯಮ ಅನ್ನುವ ಹೆಸರಿನಲ್ಲಿದೆ, ಇದನ್ನು ನಾನೇ ಸಪೋರ್ಟ್‌ನವರಿಗೆ ಹೇಳಬೇಕಾಯಿತು. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ ಮಾಡಬೇಕು ಅಂತ ಹೊಸ ಸಂಹಿತೆಯಲ್ಲಿದೆ. ಆ್ಯಪ್‌ನ ಚುಕ್ತಾ ಬಟನ್ ಮಾತ್ರ ತಿಂಗಳು ಮುಗಿಯುವವರೆಗೆ ತೆರೆಯುವುದಿಲ್ಲ! ಅಡ್ವಾನ್ಸ್ ಮುರಿಯುವಾಗ ಒಟ್ಟು ಕಡಿತ ಅರ್ಧ ಸಂಬಳ ದಾಟಬಾರದು ಅನ್ನುವ ಮಿತಿ ಇದೆ, ಅದನ್ನು ಆ್ಯಪ್ ಸರಿಯಾಗಿ ಕಾಯುತ್ತದೆ. ಆದರೆ ವಾರದ ಲೆಕ್ಕಕ್ಕಲ್ಲ, ತಿಂಗಳ ಲೆಕ್ಕಕ್ಕೆ.

ನೇಮಕಾತಿ ಪತ್ರದ ವಿಷಯಕ್ಕೆ ಮಾತ್ರ ಥ್ಯಾಂಕ್ಸ್ ಹೇಳಲೇಬೇಕು. ಈಗ ಎಲ್ಲರಿಗೂ ಪತ್ರ ಕೊಡುವುದು ಕಡ್ಡಾಯ. ಆ್ಯಪ್‌ನಲ್ಲಿ ಮಾದರಿ ಪತ್ರ ಇದೆ, ಹೆಸರು ತುಂಬಿದರೆ ಸಾಕು. ಅದರಲ್ಲಿ ‘ಮಾಸಿಕ ವೇತನ’ ಅಂತ ಇದ್ದ ಕಡೆ ಕೆಲಸವಾರು ಪೀಸ್ ರೇಟಿನ ಪಟ್ಟಿ ಲಗತ್ತಿಸಿ ಕೊಟ್ಟೆ. ಸೀಸನ್ ನಡುವೆ ಸದ್ದಿಲ್ಲದೆ ರೇಟು ಇಳಿಸುವ ಅಭ್ಯಾಸ ಕೆಲವು ಕಡೆ ಇದೆ, ಅದಕ್ಕೆ ಈಗ ತಡೆ ಬಿತ್ತು. ಹೆಂಗಸರಲ್ಲಿ ಕೆಲವರು ಪತ್ರವನ್ನು ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು. ಬ್ಯಾಂಕ್ ಸಾಲಕ್ಕೆ ಬೇಕಾಗುತ್ತದಂತೆ.

ಒಂದು ಎಚ್ಚರಿಕೆ. ಸೇಲ್ಸ್ ಹುಡುಗರು ಮಾಲೀಕರ ಕಿವಿಯಲ್ಲಿ ಒಂದು ಮಾತು ಊದುತ್ತಾರೆ: ಪಿಎಫ್ ಕಡ್ಡಾಯ ಆಗುವುದು 20 ಜನ ಇದ್ದರೆ, ರೋಲ್‌ನಲ್ಲಿ 19 ತೋರಿಸಿ, ಉಳಿದವರನ್ನು ಬೇರೆ ಹೆಸರಿನಲ್ಲಿ ಹಾಕಿ, ಆ್ಯಪ್‌ನಲ್ಲಿ ಎರಡು ಕಂಪನಿ ಮಾಡಿಕೊಡುತ್ತೇವೆ. ನಮ್ಮ ಮಾಲೀಕರಿಗೂ ಹೇಳಿದ್ದರು. ಒಂದೇ ಬಾಗಿಲು, ಒಂದೇ ಮಿಷಿನ್, ಒಂದೇ ಕರೆಂಟ್ ಬಿಲ್ಲು. ಇನ್‌ಸ್ಪೆಕ್ಟರ್ ಬಂದು ಹಾಜರಿ ತೆಗೆಯಿರಿ ಅಂದರೆ ಮುಖಗಳೆಲ್ಲಾ ಸಾಲಾಗಿ ಎದ್ದು ಬರುತ್ತವೆ ಅಂತ ನಾನು ಹೇಳಿದ ಮೇಲೆ ಕೈಬಿಟ್ಟರು.

ನಾವು ವರ್ಷದ ಬದಲು ಮೂರು ತಿಂಗಳಿಗೆ ಮಾತ್ರ ರಿನೀವ್ ಮಾಡಿಸಿದ್ದೇವೆ. ಪೀಸ್ ರೇಟ್ ಕಾಲಂ ಬಂದರೆ ವರ್ಷಕ್ಕೆ ಕಟ್ಟುತ್ತೇವೆ ಅಂತ ಬರೆದು ಕೊಟ್ಟಿದ್ದೇನೆ. ನೀವು ಕೊಳ್ಳುವುದಿದ್ದರೆ ಡೆಮೊ ದಿನ ಅವರ ಸ್ಯಾಂಪಲ್ ಹೆಸರುಗಳನ್ನು ಬಿಡಿ. ನಿಮ್ಮ ಒಬ್ಬ ಟೈಲರ್‌ನ ಮೂರು ತಿಂಗಳ ಪೀಸಿನ ಪುಸ್ತಕ ಒಯ್ದು, ಅದನ್ನು ತುಂಬಿಸಿ, ಗ್ರಾಚ್ಯುಟಿ ಕಾಲಂ ತೆಗೆದು ತೋರಿಸಿ ಅನ್ನಿ. ಮಿಷಿನ್ ಬೇಕಾದರೆ ಧೈರ್ಯವಾಗಿ ತಗೊಳ್ಳಿ, ಬಾಗಿಲ ಪಕ್ಕ ಮಾತ್ರ ಹಾಕಬೇಡಿ.